ಕೋಲುಮಂಡೆ: ಒಂದೇ ಪದ, ಹಲವು ರಾತ್ರಿ

'ಕೋಲುಮಂಡೆ ಜಂಗಮದೇವ' ಪದವನ್ನು ಒಂದಲ್ಲ ಒಂದು ಸಲ ಕೇಳದ ಕನ್ನಡಿಗರು ಕಡಿಮೆ. ಮದುವೆಯ ಆರ್ಕೆಸ್ಟ್ರಾ, ಗಣಪತಿ ಪೆಂಡಾಲು, ಕಾಲೇಜು ವಾರ್ಷಿಕೋತ್ಸವ, ಎಲ್ಲ ಕಡೆಗೂ ಅದು ಬಂದಿದೆ. ಆದರೆ ಮಾದಪ್ಪನ ಕಾವ್ಯದ ಸಂಕಮ್ಮನ ಸಾಲಿನ ನಡುವೆ, ಅದು ಬರಬೇಕಾದ ಹೊತ್ತಿಗೇ, ನಡುರಾತ್ರಿ ಕಳೆದ ಮೇಲೆ ಕೇಳಿದವರನ್ನು ಹುಡುಕಬೇಕೆಂದರೆ ನಂಜನಗೂಡು, ತಿ. ನರಸೀಪುರ, ಚಾಮರಾಜನಗರ, ಕೊಳ್ಳೇಗಾಲದ ಕಡೆಯ ಹಳ್ಳಿಗಳಿಗೇ ಬರಬೇಕು. ನಾನು ನಂಜನಗೂಡು ತಾಲ್ಲೂಕಿನ ಹೆಡತಲೆಯವನಾದ್ದರಿಂದ ಹುಡುಕುವ ಕೆಲಸ ಇರಲಿಲ್ಲ. ಈ ಪದವನ್ನು ಚಿಕ್ಕಂದಿನಿಂದ ಬೇರೆ ಬೇರೆ ಗಂಟಲುಗಳಲ್ಲಿ ಕೇಳುತ್ತಾ ಬಂದಿದ್ದೇನೆ. ಯಾವುದು ಮೇಲು, ಯಾಕೆ ಮೇಲು ಎಂದು ಮನಸ್ಸಿನಲ್ಲೇ ತೂಗುತ್ತಲೂ ಬಂದಿದ್ದೇನೆ. ಇಲ್ಲಿ ಬರೆಯುತ್ತಿರುವುದು ಆ ಲೆಕ್ಕಾಚಾರ.

ಮಾದಪ್ಪನ ಕಾವ್ಯ ಗೊತ್ತಿಲ್ಲದವರಿಗೆ ಎರಡು ಮಾತು. ಮಾದಪ್ಪ ಎಂದರೆ ಮಲೆ ಮಹದೇಶ್ವರ. ಅವನ ಕಥೆಯನ್ನು ಹಾಡುಗಾರರು ಸಾಲುಗಳಾಗಿ ಕಟ್ಟಿಕೊಂಡಿದ್ದಾರೆ: ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ. ಅದರಲ್ಲಿ ಹೆಂಗಸರು ಕಾದು ಕೂತು ಕೇಳುತ್ತಿದ್ದದ್ದು ಸಂಕಮ್ಮನ ಸಾಲು. ಸೋಲಿಗರ ನೀಲೇಗೌಡ ಜೇನಿಗೆಂದು ಮಲೆಗೆ ಹೊರಡುತ್ತಾನೆ. ಹೋಗುವ ಮುಂಚೆ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು ಎಂಬುದು ಅವಳ ಹಟ. ಅವನು ಹಿಂಸೆ ಕೊಟ್ಟು, ಮಾಟ ಮಾಡಿ, ಕಾಡಿನ ಗುಡಿಸಲಲ್ಲಿ ಅವಳನ್ನು ಕೂಡಿಹಾಕಿ ಹೋಗುತ್ತಾನೆ. ಆಗ ಮಾದಪ್ಪ ಜಂಗಮನ ವೇಷದಲ್ಲಿ ಆ ಬಾಗಿಲಿಗೆ ಭಿಕ್ಷೆಗೆ ಬರುತ್ತಾನೆ. ಮುಂದೆ ಅವಳಿಗೆ ಸಂತಾನದ ವರ ಸಿಕ್ಕು ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಕೋಲುಮಂಡೆಯ ಪದ ನಿಂತಿರುವುದು ಆ ಬಾಗಿಲಲ್ಲಿ. ಹೊರಗಿರುವವನು ಕೇಳುತ್ತಿದ್ದಾನೆ, ಒಳಗಿರುವವಳು ಎದ್ದು ಬರಲಾರಳು. ಈ ಒಂದು ಸಂಗತಿ ಹಾಡುಗಾರನ ಮನಸ್ಸಿನಲ್ಲಿ ಇದೆಯೋ ಇಲ್ಲವೋ ಎಂಬುದರ ಮೇಲೆ ನನ್ನ ಎಲ್ಲ ತೂಕವೂ ನಡೆಯುತ್ತದೆ.

ಹೆಡತಲೆ ಎಂದರೆ ಹೊರಗಿನವರಿಗೆ ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನ. ಹೊಯ್ಸಳರ ಕಾಲದ ಮೂರು ಗರ್ಭಗುಡಿಗಳ ಗುಡಿ, ಮುಂದೆ ಹದಿನಾರು ಮುಖದ ಚಾವಡಿ. ನೋಡಲು ಬರುವವರು ಅದನ್ನು ನೋಡಿ ಹೋಗುತ್ತಾರೆ. ಮಾದಪ್ಪನ ಕಥೆ ನಡೆಯುತ್ತಿದ್ದದ್ದು ಅಲ್ಲಲ್ಲ. ಹರಕೆ ಹೊತ್ತ ಮನೆಯ ಮುಂದೆ, ಇಲ್ಲವೇ ಒಕ್ಕಣೆ ಮುಗಿದು ಖಾಲಿ ಬಿದ್ದ ಕಣದಲ್ಲಿ. ಮಕ್ಕಳಾಗಲಿಲ್ಲವೆಂದೋ, ದನಕ್ಕೆ ರೋಗ ಬಂತೆಂದೋ ಹರಕೆ ಹೊತ್ತವರು ಮಾದಪ್ಪನ ಹೆಸರಲ್ಲಿ ಪರ ಮಾಡಿ ಊರಿಗೆ ಊಟ ಹಾಕಿ, ರಾತ್ರಿ ಕಥೆ ಮಾಡಿಸುತ್ತಿದ್ದರು. ಹಾಡುವವರು ದೇವರಗುಡ್ಡರು. ದೀಕ್ಷೆ ಪಡೆದು ರುದ್ರಾಕ್ಷಿ, ಜೋಳಿಗೆ, ಬೆತ್ತ ಹಿಡಿದವರು. ನಮ್ಮ ಕಡೆ ಅವರನ್ನು ಗುಡ್ಡಪ್ಪ ಎಂದೇ ಕರೆಯುವುದು. ಒಬ್ಬ ಮುಂದಾಳು ಕಂಸಾಳೆ ಹಿಡಿದು ಕಥೆ ನಡೆಸುತ್ತಾನೆ, ಹಿಂದೆ ದಮ್ಮಡಿಯವನೊಬ್ಬ, ಏಕತಾರಿಯವನೊಬ್ಬ. ಬೆಳಕಿಗೆ ಗ್ಯಾಸ್‌ಲೈಟು, ಕೂರಲು ಈಚಲು ಚಾಪೆ.

ಎಂಬತ್ತರ ದಶಕದ ಮೊದಲಲ್ಲಿ ನರಸೀಪುರದ ಕಡೆಯಿಂದ ಬರುತ್ತಿದ್ದ ಹಿರಿಯ ಗುಡ್ಡಪ್ಪನೊಬ್ಬರ ಕೋಲುಮಂಡೆ ನನ್ನ ಕಿವಿಯಲ್ಲಿ ಇವತ್ತಿಗೂ ಮೊದಲ ಸ್ಥಾನದಲ್ಲಿದೆ. ಅವರ ಗಂಟಲು ದೊಡ್ಡದಲ್ಲ. ಮೇಲಿನ ಸ್ಥಾಯಿಗೆ ಹೋದರೆ ಒಡೆಯುತ್ತಿತ್ತು. ಅವರ ಬಲವೆಲ್ಲ ಕಂಸಾಳೆಯ ಕೈಯಲ್ಲಿತ್ತು. ಕಂಸಾಳೆಯ ಎರಡು ಭಾಗಗಳಲ್ಲಿ ಬಟ್ಟಲಿನಂತೆ ಕುಳಿಯಿರುವ ಕೆಳತಾಳ ಎಡ ಅಂಗೈಯಲ್ಲಿ ಕೂತಿರುತ್ತದೆ, ಗೊಂಡೆ ಕಟ್ಟಿದ ದಾರದಲ್ಲಿ ನೇತಾಡುವ ಮೇಲಿನ ತಟ್ಟೆ ಬಲಗೈಯಲ್ಲಿ. ತಟ್ಟೆಯನ್ನು ಬಟ್ಟಲ ಮೇಲೆ ಪೂರ್ತಿ ಕೂರಿಸಿದರೆ ಸದ್ದು ಅಲ್ಲೇ ಸಾಯುತ್ತದೆ, ಅಂಚಿಗೆ ತಾಗಿಸಿ ಎತ್ತಿದರೆ ಬಹಳ ಹೊತ್ತು ಮೊಳಗುತ್ತದೆ. ಈ ಹಿರಿಯರು ಮಾದಪ್ಪ ಕೇಳುವ ಸಾಲಿಗೆ ಮೊಳಗುವ ಏಟು ಹಾಕುತ್ತಿದ್ದರು. ಸಂಕಮ್ಮ ಒಳಗಿಂದ ಉತ್ತರ ಕೊಡುವಾಗ ಕಂಸಾಳೆಯನ್ನು ತೊಡೆಯ ಮೇಲಿಟ್ಟುಬಿಡುತ್ತಿದ್ದರು. ದಮ್ಮಡಿಯೂ ನಿಲ್ಲುತ್ತಿತ್ತು, ಏಕತಾರಿಯ ಒಂದೇ ತಂತಿ ಉಳಿಯುತ್ತಿತ್ತು. ಹೆಂಗಸಿನ ದನಿ ತೆಗೆಯುತ್ತಿರಲಿಲ್ಲ. ತಮ್ಮದೇ ದನಿಯನ್ನು ತಗ್ಗಿಸಿ, ಸುಸ್ತಾದವರು ಮಾತಾಡುವಂತೆ, ಪದಕ್ಕೂ ಮಾತಿಗೂ ನಡುವೆ ಹಿಡಿಯುತ್ತಿದ್ದರು. ಮತ್ತೆ ಕೋಲುಮಂಡೆ ಬರುವುದು ಯಾವಾಗ ಎಂದು ಹಿಮ್ಮೇಳದವರಿಗೂ ಗೊತ್ತಿರುತ್ತಿರಲಿಲ್ಲ. ಅವರು ಹೆಂಗಸರು ಕೂತ ಕಡೆ ನೋಡುತ್ತಿದ್ದರು. ಅಲ್ಲಿ ಯಾರಾದರೂ ಸೆರಗಿಗೆ ಕೈ ಹಾಕಿದರೆ ಇನ್ನೊಂದು ಸುತ್ತು ಕೇಳಿಸುತ್ತಿದ್ದರು, ಗುಸುಗುಸು ಶುರುವಾದರೆ ಬಾಗಿಲು ಬೇಗ ತೆರೆಸುತ್ತಿದ್ದರು. ಒಂದು ಸಲ ಇಪ್ಪತ್ತು ನಿಮಿಷಕ್ಕೆ ಮುಗಿದದ್ದು ಇನ್ನೊಂದು ಸಲ ಗಂಟೆ ದಾಟುತ್ತಿತ್ತು.

ಇವರಿಗೆ ಪೈಪೋಟಿಯಾಗಿ ಇನ್ನೊಂದು ಮೇಳ ಬರುತ್ತಿತ್ತು. ಅದರ ಮುಂದಾಳು ಮೂವತ್ತರೊಳಗಿನವರು. ಕಂಚಿನ ಕಂಠ, ಚುರುಕು ಕಾಲು. ಕೋಲುಮಂಡೆ ಬಂತೆಂದರೆ ಎದ್ದು ನಿಂತು ಕಂಸಾಳೆ ಬೀಸುತ್ತಿದ್ದರು. ಮಲಗಿದ್ದ ಮಕ್ಕಳೆಲ್ಲ ಏಳುತ್ತಿದ್ದೆವು. ಮಾರನೇ ದಿನ ಟೀ ಅಂಗಡಿಯಲ್ಲಿ, ನೀರಿನ ಹತ್ತಿರ, ಯಾರದ್ದು ಚೆನ್ನ ಎಂದು ಎರಡು ಪಕ್ಷ. ನನ್ನ ಅಜ್ಜಿ ಒಂದೇ ಮಾತಲ್ಲಿ ತೀರ್ಪು ಕೊಟ್ಟಿದ್ದಳು: "ಹೈದ ಚೆಂದಾಗಿ ಕುಣ್ದ ಬುಡು. ಆದ್ರ ಬಾಗ್ಲಲ್ಲಿ ಮಾದಪ್ಪ ನಿಂತಂಗ ಆಗ್ಲಿಲ್ಲ." ಓದು ಬರದವರು, ಈ ಕಥೆಯನ್ನು ವರ್ಷವರ್ಷವೂ ಕೇಳಿದವರು, ಅದೇ ಪದದ ಎರಡು ಹಾಡಿಕೆಗಳನ್ನು ಇಷ್ಟು ಖಚಿತವಾಗಿ ಬೇರ್ಪಡಿಸುತ್ತಿದ್ದರು. ಇದೇ ತಾಲ್ಲೂಕಿನ ದೇವನೂರ ಮಹಾದೇವರ ಕಾದಂಬರಿ 'ಕುಸುಮಬಾಲೆ' 1984ರಲ್ಲಿ ಬಂದಾಗ ಅದರ ಭಾಷೆ ಕಷ್ಟವೆಂದು ಪೇಟೆಯವರು ಹೇಳಿದ್ದುಂಟು. ನಮ್ಮೂರಲ್ಲಿ ಅದನ್ನು ಗಟ್ಟಿಯಾಗಿ ಓದಿದರೆ ಕಥೆ ಕೇಳಿದ ಕಿವಿಗಳಿಗೆ ಯಾವ ತೊಡಕೂ ಆಗುತ್ತಿರಲಿಲ್ಲ.

ಆ ರಾತ್ರಿಗಳನ್ನು ಬಂಗಾರದ ಕಾಲವೆಂದು ಹೇಳಲಾರೆ. ಹನ್ನೆರಡು ದಾಟಿದ ಮೇಲೆ ಅರ್ಧ ಜನ ನಿದ್ದೆಯಲ್ಲಿರುತ್ತಿದ್ದರು. ಕುಡಿದು ಬಂದು ಹಾಡುಗಾರರ ಮೇಲೆ ದರ್ಪ ತೋರಿಸುವವರು ಇದ್ದೇ ಇರುತ್ತಿದ್ದರು. ದೇವರಗುಡ್ಡರಲ್ಲಿ ಕುರುಬರು, ಉಪ್ಪಾರರು, ಬೆಸ್ತರು, ದಲಿತರು, ಹೀಗೆ ಹಲವು ಜಾತಿಯವರಿದ್ದರು, ಅವರವರ ಜಾತಿ ನೋಡಿಯೇ ಎಲೆ ಹಾಕುವ ಜಾಗ ಗೊತ್ತಾಗುತ್ತಿತ್ತು. ದೇವರ ಕಥೆ ಹೇಳಿದವರೇ ಬೆಳಿಗ್ಗೆ ಜಗುಲಿಯಿಂದಾಚೆ ನಿಂತು ಮೊರದಲ್ಲಿ ಅಕ್ಕಿ, ಕಾಯಿ, ಮೇಲಿಷ್ಟು ದುಡ್ಡು ತೆಗೆದುಕೊಂಡು ಹೋಗುವುದನ್ನು ನಾನು ನೋಡಿದ್ದೇನೆ. ಆ ಹಿರಿಯರು ನನ್ನ ಅಪ್ಪನನ್ನು 'ಬುದ್ಧಿ' ಎಂದು ಕರೆಯುತ್ತಿದ್ದರು, ಅಪ್ಪ ಅವರನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದ. ಅಪ್ಪನಿಗಿಂತ ಅವರು ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಅವರ ಮಕ್ಕಳು ಈ ಕಸುಬು ಬೇಡವೆಂದು ಗಾರೆ ಕೆಲಸಕ್ಕೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ವಿದ್ವಾಂಸರು ಅಷ್ಟರಲ್ಲಿ ಈ ಕಾವ್ಯವನ್ನು ಬರೆದಿಡಲು ತೊಡಗಿದ್ದರು. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ 'ಮಲೆಯ ಮಾದೇಶ್ವರ' 1973ರಲ್ಲಿ ಬಂತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ದಾಖಲಿಸಿದ ಪಠ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ಟರ ಇಂಗ್ಲಿಷ್ ಅನುವಾದದ ಮೂಲ ಅದೇ. ಈ ಪುಸ್ತಕಗಳಿಗೆ ನಾನು ಋಣಿ. ಆದರೆ ಮೊಳಗುವ ಏಟು ಯಾವುದು, ಸತ್ತ ಏಟು ಯಾವುದು, ಕಂಸಾಳೆ ತೊಡೆಯ ಮೇಲೆ ಎಷ್ಟು ಹೊತ್ತು ಕೂತಿತ್ತು ಎಂಬುದು ಅಚ್ಚಿನಲ್ಲಿ ಬರುವುದಿಲ್ಲ.

ಕ್ಯಾಸೆಟ್ಟಿನಲ್ಲಿ ಬರಬಹುದಿತ್ತು. ಮಳವಳ್ಳಿ ಮಹದೇವಸ್ವಾಮಿ, ಮೈಸೂರು ಗುರುರಾಜ್ ಮೊದಲಾದವರ ಕ್ಯಾಸೆಟ್ಟುಗಳು ನಮ್ಮ ಕಡೆಯ ಬಸ್ಸು, ಹೋಟೆಲು, ಟ್ರ್ಯಾಕ್ಟರುಗಳಲ್ಲೆಲ್ಲ ಆಡಿದವು. ದೊಡ್ಡ ಹಾಡುಗಾರರು, ಕಥೆಯ ಮೇಲೆ ಹಿಡಿತ ಇದ್ದವರು. ಕಥೆ ಕೇಳುವ ಜನ ನೂರರಿಂದ ಲಕ್ಷಕ್ಕೆ ಏರಿದ್ದು ಅವರಿಂದ. ಆದರೆ ಒಂದು ಮಗ್ಗುಲಿಗೆ ಮೂವತ್ತು ನಿಮಿಷ ಎಂಬ ಅಳತೆ ಬಂದ ಮೇಲೆ ಸುಮ್ಮನಿರುವ ಜಾಗಗಳಿಗೆ ಬೆಲೆ ಕಟ್ಟಬೇಕಾಯಿತು. ಹಾರ್ಮೋನಿಯಂ, ತಬಲ ಬಂದು ಆ ಜಾಗಗಳನ್ನು ತುಂಬಿದವು.

1996ರಲ್ಲಿ 'ಜನುಮದ ಜೋಡಿ' ಬಂತು. ಟಿ.ಎಸ್. ನಾಗಾಭರಣರ ನಿರ್ದೇಶನ, ಶಿವರಾಜಕುಮಾರ್ ನಾಯಕ, ವಿ. ಮನೋಹರ್ ಸಂಗೀತ. ಕೋಲುಮಂಡೆಯನ್ನು ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಸಿಕ್ಕಿತು. ಅದು ನ್ಯಾಯವಾಗಿ ಸಂದ ಪ್ರಶಸ್ತಿ. ಶಾಸ್ತ್ರಿಯವರ ದನಿಯಲ್ಲಿ ಕರೆಯುವ ಗುಣ ಇತ್ತು. ಎದುರಿಗೆ ಒಂದು ಬಾಗಿಲಿದೆ ಎಂದು ಅವರಿಗೆ ಗೊತ್ತಿತ್ತು ಎಂದೇ ನನಗೆ ಅನಿಸುತ್ತದೆ. ಅವರು 2017ರಲ್ಲಿ ತೀರಿಕೊಂಡಾಗ ನಮ್ಮೂರಲ್ಲಿ ಜನ ಮಾತಾಡಿಕೊಂಡದ್ದು ಈ ಒಂದು ಪದದ ಬಗ್ಗೆಯೇ. ನಾಲ್ಕೈದು ನಿಮಿಷದ ಹಾಡಿನೊಳಗೆ ಅಷ್ಟನ್ನು ತುಂಬಿದ್ದು ಸಣ್ಣ ಕೆಲಸವಲ್ಲ. ಆದರೆ ಅಲ್ಲಿ ಸಂಕಮ್ಮನ ಉತ್ತರ ಕೇಳುವುದಿಲ್ಲ. ಅಲ್ಲಿಂದಾಚೆಗೆ ಈ ಪದವನ್ನು ಕಲಿತ ಬಹಳ ಮಂದಿ ಸಿನಿಮಾ ಧಾಟಿಯಿಂದ ಕಲಿತರು. ನಮ್ಮೂರಿನ ಪರಕ್ಕೆ ಬಂದ ಗುಡ್ಡಪ್ಪನವರಿಗೇ ಹುಡುಗರು "ಪಿಕ್ಚರ್ ಧಾಟೀಲಿ ಹಾಡಣ್ಣ" ಎಂದು ಕೂಗಿದ್ದನ್ನು ಕೇಳಿದ್ದೇನೆ. ಅವರು ಹಾಡಿದರು, ಚೆನ್ನಾಗಿಯೇ ಹಾಡಿದರು.

ಒಂದೇ ಹಾಡಿನ ಹಾಡಿಕೆಗಳನ್ನು ಹೀಗೆ ತೂಗುವವನು ನಾನೊಬ್ಬನೇ ಅಲ್ಲ. ನನ್ನ ಅಣ್ಣನ ಮಗ ಮೈಸೂರಲ್ಲಿ ಇಂಜಿನಿಯರಿಂಗ್ ಓದುವಾಗ ಗಿಟಾರು ಹಿಡಿದವನು. ಅವನ ದೇವರು ಲೆಡ್ ಜೆಪ್ಲಿನ್ ಎಂಬ ಇಂಗ್ಲೆಂಡಿನ ರಾಕ್ ತಂಡ. 'ಸಿನ್ಸ್ ಐ ಹ್ಯಾವ್ ಬೀನ್ ಲವಿಂಗ್ ಯು' ಎಂಬ ಅವರ ಬ್ಲೂಸ್ ಹಾಡು 1970ರ ಮೂರನೇ ಆಲ್ಬಮ್ಮಿನಲ್ಲಿದೆ. ಅದನ್ನು ರೆಕಾರ್ಡಿಂಗಿಗೆ ಮುಂಚೆಯೇ ವೇದಿಕೆಯಲ್ಲಿ ಹಾಡಿ ಹದ ಮಾಡಿಕೊಂಡಿದ್ದರಂತೆ. ಆ ಒಂದೇ ಹಾಡಿನ ಬೇರೆ ಬೇರೆ ರಾತ್ರಿಗಳ ಹಾಡಿಕೆಗಳನ್ನು ಅವನು ಕೂಡಿಟ್ಟಿದ್ದ. ಒಂದು ದಸರಾ ರಜೆಯಲ್ಲಿ "ಕೂತ್ಕೊಳ್ಳಿ ಚಿಕ್ಕಪ್ಪ" ಎಂದು ಹೇಳಿ ಸಾಲಾಗಿ ಕೇಳಿಸಿದ. 1973ರ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನದ್ದು ಅವನ ಆಯ್ಕೆ. ಜಿಮ್ಮಿ ಪೇಜ್‌ನ ಗಿಟಾರು ಹುಚ್ಚೆದ್ದು ಹರಿಯುವುದು ಅಲ್ಲಿ ಎಂದು ಅವನ ವಾದ. ನನಗೆ ಹಿಡಿಸಿದ್ದು 2007ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹಾಡಿದ್ದು. ತಂಡ ಮುರಿದು ಇಪ್ಪತ್ತೇಳು ವರ್ಷ ಕಳೆದಿತ್ತು, ಡ್ರಮ್ ಬಾರಿಸುತ್ತಿದ್ದ ಜಾನ್ ಬಾನಮ್ 1980ರಲ್ಲೇ ಸತ್ತು ಅವನ ಜಾಗದಲ್ಲಿ ಮಗ ಜೇಸನ್ ಕೂತಿದ್ದ. ಹಾಡುಗಾರ ರಾಬರ್ಟ್ ಪ್ಲಾಂಟ್‌ಗೆ ಆಗ 59. ಹರೆಯದಲ್ಲಿ ಏರಿದ ಎತ್ತರಕ್ಕೆ ಗಂಟಲು ಬಾರದು, ಅದಕ್ಕೇ ಅವನು ಕಾಯುತ್ತಾನೆ, ಪದವನ್ನು ತಡೆದು ಬಿಡುತ್ತಾನೆ. ಅವನು ತಡೆದಲ್ಲಿ ಗಿಟಾರು ಉತ್ತರ ಕೊಡುತ್ತದೆ. ಆ ತಡೆಯನ್ನು ನಾನು ಹೆಡತಲೆಯ ಕಣದಲ್ಲಿ ಕೇಳಿದ್ದೆ.

ಬ್ಲೂಸ್ ಎನ್ನುವುದು ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು, ಈ ಇಂಗ್ಲಿಷ್ ಹುಡುಗರು ಅದನ್ನು ರೆಕಾರ್ಡು ಕೇಳಿ ಕೇಳಿ ಕಲಿತವರು ಎಂದು ಆಮೇಲೆ ಅಣ್ಣನ ಮಗನೇ ಹೇಳಿದ. ಮೂಲದವರು ಊಟಕ್ಕೆ ಪರದಾಡಿದಾಗ ಕಲಿತವರು ಕೋಟಿ ಮಾಡಿದ ಕಥೆಯನ್ನೂ ಹೇಳಿದ. ಆ ಹಾಡಿನ ಸ್ಟುಡಿಯೋ ಮುದ್ರಣದಲ್ಲಿ ಡ್ರಮ್ಮಿನ ಪೆಡಲು ಕಿರುಗುಟ್ಟುವುದು ಕಿವಿಗೊಟ್ಟರೆ ಕೇಳುತ್ತದೆ. ಅದನ್ನು ತೆಗೆಯದೆ ಬಿಟ್ಟದ್ದು ನನಗೆ ಬಹಳ ಮೆಚ್ಚಿಕೆಯಾಯಿತು. ನಮ್ಮ ಸೋದರಮಾವ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ ಒಂದು ರಾತ್ರಿಯ ಕಥೆಯಲ್ಲಿ ಗ್ಯಾಸ್‌ಲೈಟಿನ ಸುಯ್ ಸದ್ದು ಉದ್ದಕ್ಕೂ ಇತ್ತು. ಆ ಟೇಪು ಬೂಸಲು ಹಿಡಿದು ಹೋಯಿತು.

ಈಗಿನ ಸಂಗತಿಗೆ ಬರುತ್ತೇನೆ. ಕಂಸಾಳೆ ಸತ್ತಿಲ್ಲ, ನನ್ನ ಬಾಲ್ಯದಲ್ಲಿದ್ದುದಕ್ಕಿಂತ ಹೆಚ್ಚು ಕಡೆ ಕಾಣುತ್ತದೆ. ದಸರೆಯ ಜಂಬೂಸವಾರಿಯಲ್ಲಿ, ಸುತ್ತೂರು ಜಾತ್ರೆಯಲ್ಲಿ, ಸರ್ಕಾರದ ಯಾವ ಉತ್ಸವದ ಮೆರವಣಿಗೆಯಲ್ಲೂ ಬೀಸು ಕಂಸಾಳೆಯವರು ಇದ್ದೇ ಇರುತ್ತಾರೆ. ಶಾಲೆಯ ಹೆಣ್ಣುಮಕ್ಕಳು ಕಲಿಯುತ್ತಾರೆ. ಹಿಂದೆ ಹೆಣ್ಣು ಕಂಸಾಳೆ ಮುಟ್ಟುವುದನ್ನು ನಾನು ಕಂಡಿರಲಿಲ್ಲ. ಕಲಾವಿದರಿಗೆ ಸಂಭಾವನೆ, ಪ್ರಯಾಣ ಭತ್ಯೆ, ವಯಸ್ಸಾದವರಿಗೆ ಮಾಸಾಶನ ಇದೆ. ಯಾರೂ ಮೊರದ ಮುಂದೆ ನಿಲ್ಲಬೇಕಿಲ್ಲ. ಇದು ಆಗಲೇಬೇಕಿತ್ತು. ಆದರೆ ಮೆರವಣಿಗೆಗೆ ಬೇಕಿರುವುದು ಕುಣಿತ. ವೇದಿಕೆಯಲ್ಲಿ ಸಿಗುವುದು ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಕೋಲುಮಂಡೆ ಏರುಗತಿಯಲ್ಲೇ ಶುರುವಾಗಿ ಏರುಗತಿಯಲ್ಲೇ ಮುಗಿಯುತ್ತದೆ. ಭಿಕ್ಷೆ ಕೇಳಲು ಬಂದವನು ಉತ್ತರಕ್ಕೆ ನಿಲ್ಲದೆ ಕುಣಿದು ಹೋದಂತೆ.

2020ರಲ್ಲಿ ಚಂದನ್ ಶೆಟ್ಟಿಯವರು ಈ ಪದಕ್ಕೆ ರ‍್ಯಾಪ್ ಧಾಟಿ ಕೂಡಿಸಿ ವಿಡಿಯೊ ಮಾಡಿದಾಗ, ಅದರಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಭಕ್ತರು ಆಕ್ಷೇಪಿಸಿದರು. ಅವರು ಕ್ಷಮೆ ಕೇಳಿದರು, ವಿಡಿಯೊವನ್ನು ತೆಗೆಯಲಾಯಿತು. ಆಗ ನಡೆದ ಮಾತೆಲ್ಲ ವೇಷದ ಬಗ್ಗೆ, ಭಕ್ತಿಯ ಬಗ್ಗೆ. ಧಾಟಿ ಬದಲಾಯಿತೆಂದು ನನಗೆ ಬೇಸರವಿಲ್ಲ, ಈ ಪದ ಎಷ್ಟೋ ಧಾಟಿಗಳನ್ನು ಹೊತ್ತು ಬಂದಿದೆ. ಒಳಗಿರುವವಳು ಗಂಡನ ಅನುಮಾನಕ್ಕೆ ಸಿಕ್ಕಿ ನರಳುತ್ತಿರುವ ಹೆಂಗಸು ಎಂಬುದನ್ನು ಆ ಗಲಾಟೆಯ ಎರಡೂ ಕಡೆಯಲ್ಲಿ ಯಾರೂ ನೆನೆಯಲಿಲ್ಲ ಎಂಬುದು ನನ್ನ ದೂರು.

ನೆನೆದವರು ಒಬ್ಬರಿದ್ದರು. ಮೈಸೂರಿನ ಸಣ್ಣ ಸಭಾಂಗಣವೊಂದರಲ್ಲಿ, ಆ ಗಲಾಟೆಗೆ ಕೆಲವು ವರ್ಷ ಮುಂಚೆ, ಎಂ.ಎ. ಓದುತ್ತಿದ್ದ ಹುಡುಗಿಯೊಬ್ಬಳು ತಂಬೂರಿ ಒಂದನ್ನೇ ಹಿಡಿದು ಈ ಭಾಗವನ್ನು ಹಾಡಿದಳು. ಕೋಲುಮಂಡೆಯ ಸಾಲನ್ನು ಅವಳು ಹಾಡಲಿಲ್ಲ, ಹಿಂದೆ ಕೂತ ಇಬ್ಬರು ಹುಡುಗರಿಂದ ಹಾಡಿಸಿದಳು. ತಾನು ಹಾಡಿದ್ದು ಸಂಕಮ್ಮನ ಉತ್ತರಗಳನ್ನಷ್ಟೇ. ಪ್ರತಿ ಸಲವೂ ಉತ್ತರ ಒಂದಿಷ್ಟು ಚಿಕ್ಕದಾಗುತ್ತಾ ಬಂದು ಕೊನೆಗೆ ಬರೀ ಹೂಂಗುಟ್ಟುವಿಕೆ ಉಳಿಯಿತು. ಕರೆ ಮಾತ್ರ ನಿಲ್ಲಲಿಲ್ಲ. ಕಣದ ರಾತ್ರಿಯ ಸಂಗಡ ಇಟ್ಟು ತೂಗಬಹುದಾದ ಹಾಡಿಕೆ ನಾನು ಕೇಳಿದ್ದರಲ್ಲಿ ಇದೊಂದೇ. ಕಂಸಾಳೆ ಇಲ್ಲ, ದೀಕ್ಷೆ ಇಲ್ಲ, ನಡುರಾತ್ರಿಯೂ ಅಲ್ಲ. ಸಂಜೆ ಏಳು ಗಂಟೆ, ಪ್ಲಾಸ್ಟಿಕ್ ಕುರ್ಚಿಗಳು. ಹಳೆಯದೆಲ್ಲ ಇದ್ದರೆ ಮಾತ್ರ ಪದ ಬದುಕುತ್ತದೆ ಎನ್ನುವವರ ಜೊತೆ ನಾನು ಅಂದಿನಿಂದ ವಾದಕ್ಕೆ ನಿಲ್ಲುತ್ತೇನೆ.

ಈಚೆಗೆ ನಮ್ಮ ಕಡೆ ನಡೆದ ಒಂದು ಪರಕ್ಕೆ ಹೋಗಿದ್ದೆ. ಹೊಸ ಮನೆ, ಶಾಮಿಯಾನ, ಊಟಕ್ಕೆ ಟೇಬಲ್ಲು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತರು, ಹಾಡುವವರೂ ಸೇರಿ. ರಾತ್ರಿ ಹತ್ತಕ್ಕೆ ಮೈಕು ನಿಲ್ಲಿಸಬೇಕೆಂಬ ಕಾನೂನಿದೆ, ಜನರೂ ಹತ್ತಕ್ಕೇ ಏಳುತ್ತಾರೆ, ಬೆಳಿಗ್ಗೆ ನಂಜನಗೂಡಿನ ಕಾರ್ಖಾನೆಗಳ ಪಾಳಿಗೆ ಹೋಗಬೇಕು. ಮೇಳದ ಮುಂದಾಳು ಆ ಹಿರಿಯ ಗುಡ್ಡಪ್ಪನವರ ಮೊಮ್ಮಗ. ಹಗಲು ಗೂಡ್ಸ್ ಆಟೋ ಓಡಿಸುತ್ತಾರೆ. ನನ್ನನ್ನು ಗುರುತಿಸಿ "ಸಾರ್, ಪೂರ್ತಿ ಸಾಲು ಹೇಳಾದ, ಪದ ಮಾತ್ರ ಹೇಳಾದ?" ಎಂದು ಕೇಳಿದರು. ಮನೆಯವರು ಪದ ಸಾಕು ಎಂದರು.

ಮೈಕಿನಲ್ಲಿ ಅವರು ಸಿನಿಮಾ ಧಾಟಿಯಲ್ಲೇ ಎತ್ತಿಕೊಂಡರು, ಹುಡುಗರು ಫೋನು ಎತ್ತಿ ಹಿಡಿದರು. ಹತ್ತಾಯಿತು, ಮೈಕು ನಿಂತಿತು, ಅರ್ಧಕ್ಕರ್ಧ ಕುರ್ಚಿ ಖಾಲಿಯಾಯಿತು. ಉಳಿದ ಕೆಲವು ಹೆಂಗಸರ ಮುಂದೆ ಅವರು ಚಾಪೆ ಹಾಸಿಕೊಂಡು ಕೂತು ಮತ್ತೆ ಶುರು ಮಾಡಿದರು. ಈ ಸಲ ನಿಧಾನ. ಸಂಕಮ್ಮನ ಉತ್ತರ ಬಂದಾಗ ಕಂಸಾಳೆ ತೊಡೆಯ ಮೇಲೆ ಹೋಯಿತು. ತಾತನಷ್ಟು ಹೊತ್ತು ಅವರು ಕಾಯಲಿಲ್ಲ, ಬೇಗ ಎತ್ತಿಕೊಂಡುಬಿಟ್ಟರು. ಆದರೆ ಗಂಟಲು ತಾತನಿಗಿಂತ ಚೆನ್ನ, ಮೇಲಿನ ಸ್ಥಾಯಿ ಒಡೆಯುವುದಿಲ್ಲ. ಆಮೇಲೆ ಮಾತಾಡುವಾಗ ಅದನ್ನೇ ಹೇಳಿದೆ: ಅಲ್ಲಿ ಇನ್ನೂ ನಿಲ್ಲಬೇಕಿತ್ತು ಎಂದು. "ನಿಂತ್ರ ಜನ ಎದ್ದೋಯ್ತಾರ ಸಾರ್" ಎಂದರು. ನಿಜವೇ. ಪೂರ್ತಿ ಸಾಲು ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ, ಹೇಳಿಸುವವರು ಇಲ್ಲ ಎಂದರು.

ಬರುವ ಶಿವರಾತ್ರಿ ಕಳೆದ ಮೇಲೆ ನಮ್ಮ ಮನೆಯ ಮುಂದೆ ಹೇಳಿಸುವುದೆಂದು ಮಾತಾಗಿದೆ. ಮೈಕು ಬೇಡ, ಶಾಮಿಯಾನ ಬೇಡ. ಮೂವರಿಗೆ ರಾತ್ರಿಪೂರ್ತಿಯ ಸಂಭಾವನೆ ಎಷ್ಟೆಂದು ಅವರೇ ಹೇಳಿದ್ದಾರೆ, ಅದರಲ್ಲಿ ಚೌಕಾಸಿ ಮಾಡಿಲ್ಲ. ಅಣ್ಣನ ಮಗ ಬೆಂಗಳೂರಿಂದ ರೆಕಾರ್ಡಿಂಗ್ ಸಾಮಾನು ತರುತ್ತಾನೆ.